ಇಲ್ಲದ ಮೆಮೊರಿಯನ್ನು ಇದೆ ಅನ್ನಿಸಿದ ಟಾಮ್ ಕಿಲ್ಬರ್ನ್

ಕಳೆದ ಸೆಮಿಸ್ಟರ್‌ನ ಕೊನೇ ಇಂಟರ್ನಲ್ಸ್ ಮುಗಿದ ರಾತ್ರಿ. ನಾವು ನಾಲ್ಕು ಜನ ಹಾಸ್ಟೆಲ್ ರೂಮಲ್ಲಿ ಒಂದೇ ಲ್ಯಾಪ್‌ಟಾಪ್ ಸುತ್ತ ಕೂತಿದ್ದೆವು. 8 ಜಿಬಿ ರ‍್ಯಾಮ್, ಹಳೇ ಕಾಲದ ತಿರುಗೋ ಹಾರ್ಡ್ ಡಿಸ್ಕ್. ಗೇಮ್ ಮಾತ್ರ ಹೊಸದು, ಇಡೀ ಒಂದು ಊರನ್ನೇ ಒಳಗಿಟ್ಟುಕೊಂಡ ಓಪನ್ ವರ್ಲ್ಡ್ ಗೇಮ್. ಹಿಂದೆ ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದೇ ಇದ್ದವು, ಮುಚ್ಚೋಕೆ ಯಾರಿಗೂ ನೆನಪಾಗಿರಲಿಲ್ಲ. ಗಾಡಿ ಸಖತ್ತಾಗಿ ಓಡುತ್ತಿತ್ತು. ಘಾಟಿಯ ತಿರುವಿಗೆ ಬರುತ್ತಿದ್ದ ಹಾಗೆ ಚಿತ್ರ ನಿಂತುಹೋಯಿತು. ಡಿಸ್ಕಿನ ಲೈಟು ಒಂದೇ ಸಮನೆ ಮಿಣುಕತೊಡಗಿತು. ಎರಡು ಸೆಕೆಂಡ್ ಬಿಟ್ಟು ಚಿತ್ರ ಮತ್ತೆ ಬಂದಾಗ ಗಾಡಿ ಕಂದಕದ ತಳದಲ್ಲಿತ್ತು.

ಬೈಗುಳ ಬಿದ್ದವು. ಒಬ್ಬ ಲ್ಯಾಪ್‌ಟಾಪ್‌ಗೆ ಬೈದ, ಒಬ್ಬ ಗೇಮ್ ಮಾಡಿದವರಿಗೆ, ಇನ್ನೊಬ್ಬ ಆಪರೇಟಿಂಗ್ ಸಿಸ್ಟಮ್‌ಗೆ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಮೆಮೊರಿ 97 ಶೇಕಡ ತುಂಬಿತ್ತು, ಡಿಸ್ಕ್ 100 ಶೇಕಡ ದುಡಿಯುತ್ತಿತ್ತು. ಓಎಸ್ ಪೇಪರ್ ಓದಿದವರಿಗೆ ಇದರ ಹೆಸರು ಗೊತ್ತು. ಪೇಜಿಂಗ್. ಮೂರು ಫ್ರೇಮ್ ಬರೆದು, 7 0 1 2 0 3 ಅಂತ ರೆಫರೆನ್ಸ್ ಸ್ಟ್ರಿಂಗ್ ಇಟ್ಟು, ಎಫ್‌ಐಎಫ್‌ಓ ಒಂದು ಸಲ, ಎಲ್‌ಆರ್‌ಯು ಒಂದು ಸಲ ಅಂತ ಡಬ್ಬಿ ತುಂಬಿಸಿ ಹತ್ತು ಮಾರ್ಕ್ಸ್ ತೆಗೆದುಕೊಂಡು ಮರೆತುಬಿಟ್ಟ ವಿಷಯ. ಆ ಡಬ್ಬಿಗಳ ಹಿಂದೆ ಒಬ್ಬ ಮನುಷ್ಯ ಇದ್ದರು ಅಂತ ನಮಗೆ ಯಾರೂ ಹೇಳಿರಲಿಲ್ಲ. ಟ್ಯೂರಿಂಗ್ ಗೊತ್ತು, ವಾನ್ ನಾಯ್ಮನ್ ಗೊತ್ತು. ಟಾಮ್ ಕಿಲ್ಬರ್ನ್ ಅಂದರೆ ಕಂಪ್ಯೂಟರ್ ಇತಿಹಾಸ ಓದಿದವರಿಗೆ ದೊಡ್ಡ ಹೆಸರು, ನಮ್ಮ ಸಿಲಬಸ್ಸಿಗೆ ಮಾತ್ರ ಅಪರಿಚಿತ. ಹಾಗಾಗಿ ಈ ಸಂಚಿಕೆಯಲ್ಲಿ ಅವರ ಕತೆ.

ಹುಟ್ಟಿದ್ದು 1921ರ ಆಗಸ್ಟ್ 11ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಡ್ಯೂಸ್‌ಬರಿಯಲ್ಲಿ. ಉಣ್ಣೆ ಗಿರಣಿಗಳ ಊರು. ಅಪ್ಪ ಉಣ್ಣೆ ಕಂಪನಿಯೊಂದರಲ್ಲಿ ಲೆಕ್ಕದ ಗುಮಾಸ್ತ. ಹುಡುಗನಿಗೆ ಗಣಿತದ ಹುಚ್ಚು ಎಷ್ಟಿತ್ತೆಂದರೆ, ಹದಿನಾಲ್ಕನೇ ವಯಸ್ಸಿನಿಂದ ಬೇರೆ ವಿಷಯಗಳನ್ನು ಹೆಚ್ಚುಕಮ್ಮಿ ಬಿಟ್ಟು ಬರೀ ಗಣಿತವನ್ನೇ ಓದೋಕೆ ಹೆಡ್‌ಮಾಸ್ಟರ್ ಬಿಟ್ಟುಬಿಟ್ಟರು. (ನಮ್ಮಲ್ಲಿ ಇದನ್ನು ಕನಸಲ್ಲೂ ಕೇಳೋ ಹಾಗಿಲ್ಲ.) ಸ್ಕಾಲರ್‌ಶಿಪ್ ಹಿಡಿದು 1940ರಲ್ಲಿ ಕೇಂಬ್ರಿಡ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋದರು. ಯುದ್ಧದ ಕಾಲ, ಡಿಗ್ರಿಯನ್ನು ಎರಡೇ ವರ್ಷಕ್ಕೆ ಇಳಿಸಿದ್ದರು. ಫಸ್ಟ್ ಕ್ಲಾಸ್ ಬಂತು. ಆಸೆ ಇದ್ದದ್ದು ವಾಯುಪಡೆಯಲ್ಲಿ ಪೈಲಟ್ ಆಗೋದು. ಸರ್ಕಾರ ಮಾತ್ರ ಆರು ವಾರದ ಎಲೆಕ್ಟ್ರಾನಿಕ್ಸ್ ಕೋರ್ಸ್ ಕೊಡಿಸಿ, 1942ರಲ್ಲಿ ಮಾಲ್ವರ್ನ್ ಎಂಬ ಊರಲ್ಲಿದ್ದ ರೇಡಾರ್ ಸಂಶೋಧನಾ ಕೇಂದ್ರಕ್ಕೆ ಕಳಿಸಿಬಿಟ್ಟಿತು.

ಅಲ್ಲಿ ಸಿಕ್ಕ ಬಾಸ್ ಫ್ರೆಡ್ಡಿ ವಿಲಿಯಮ್ಸ್, ಸರ್ಕ್ಯೂಟ್ ಡಿಸೈನ್‌ನಲ್ಲಿ ದೇಶಕ್ಕೇ ಹೆಸರಾದವರು. ಅನುಭವಸ್ಥ ಇಂಜಿನಿಯರ್ ಬೇಕು ಅಂತ ಕೇಳಿದ್ದ ವಿಲಿಯಮ್ಸ್‌ಗೆ ಸಿಕ್ಕಿದ್ದು ಸೋಲ್ಡರಿಂಗ್ ಕೂಡ ನೆಟ್ಟಗೆ ಬಾರದ ಗಣಿತದ ಹುಡುಗ. ಮೊದಮೊದಲು ಅವರಿಗೆ ಬೇಸರವೇ ಆಯಿತು. ಯುದ್ಧ ಮುಗಿಯೋ ಹೊತ್ತಿಗೆ ಅದೇ ಹುಡುಗ ಅವರ ಬಲಗೈ ಆಗಿದ್ದರು.

1946ರಲ್ಲಿ ಕಂಪ್ಯೂಟರ್ ಕಟ್ಟಬೇಕು ಅಂತ ಹೊರಟವರೆಲ್ಲ ಒಂದೇ ಗೋಡೆಗೆ ಹಣೆ ಬಡಿದುಕೊಳ್ಳುತ್ತಿದ್ದರು. ಲೆಕ್ಕ ಮಾಡೋ ಸರ್ಕ್ಯೂಟ್ ಎಲ್ಲರ ಹತ್ತಿರ ಇತ್ತು. ಪ್ರೋಗ್ರಾಮನ್ನೂ ಅಂಕಿಗಳನ್ನೂ ಇಟ್ಟುಕೊಂಡು, ಕೇಳಿದ ತಕ್ಷಣ ತೆಗೆದುಕೊಡೋ ವೇಗದ ಮೆಮೊರಿ ಯಾರ ಹತ್ತಿರವೂ ಇರಲಿಲ್ಲ. ವಿಲಿಯಮ್ಸ್‌ಗೆ ಹೊಳೆದದ್ದು ರೇಡಾರ್ ಪರದೆಯ ಕ್ಯಾಥೋಡ್ ರೇ ಟ್ಯೂಬ್. ಹಳೇ ಟಿವಿಯ ಪಿಕ್ಚರ್ ಟ್ಯೂಬ್ ನೆನಪಿಸಿಕೊಳ್ಳಿ. ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಒಂದು ಚುಕ್ಕೆ ಹೊಡೆದರೆ ಆ ಜಾಗದಲ್ಲಿ ಸಣ್ಣ ವಿದ್ಯುತ್ ಚಾರ್ಜ್ ಉಳಿಯುತ್ತೆ. ಚುಕ್ಕೆ ಇದ್ದರೆ ಸೊನ್ನೆ, ಗೆರೆ ಇದ್ದರೆ ಒಂದು ಅಂತ ಇಟ್ಟುಕೊಂಡರೆ ಪರದೆಯೇ ಮೆಮೊರಿ. ತೊಂದರೆ ಏನೆಂದರೆ, ಆ ಚಾರ್ಜ್ ಕಣ್ಣು ಮಿಟುಕಿಸೋದರಲ್ಲಿ ಸೋರಿಹೋಗುತ್ತೆ. ಅದಕ್ಕೆ ಉಪಾಯ, ಸೋರೋಕೆ ಮುಂಚೆ ಓದಿ ಅದನ್ನೇ ಮತ್ತೆ ಬರೆಯೋದು, ನಿಲ್ಲಿಸದೆ ಬರೆಯುತ್ತಲೇ ಇರೋದು. ಇದು ಎಲ್ಲೋ ಕೇಳಿದ ಹಾಗಿದೆಯಲ್ಲ? ನಿಮ್ಮ ಲ್ಯಾಪ್‌ಟಾಪಿನ ಡಿರ‍್ಯಾಮ್ ಇವತ್ತಿಗೂ ಮಾಡೋದು ಅದನ್ನೇ. ಅದರ ಪುಟ್ಟ ಕೆಪಾಸಿಟರ್‌ಗಳನ್ನು ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ರಿಫ್ರೆಶ್ ಮಾಡಬೇಕು.

ವಿಲಿಯಮ್ಸ್ 1946ರ ಕೊನೆಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಹೋದಾಗ ಕಿಲ್ಬರ್ನ್ ಅವರನ್ನೂ ಎರವಲು ಕರೆದುಕೊಂಡು ಹೋದರು. ಹೋಗುವಾಗ ಕೈಯಲ್ಲಿದ್ದದ್ದು ಒಂದೇ ಒಂದು ಬಿಟ್ ಹಿಡಿದಿಡೋ ಸಾಧನ. ಮುಂದಿನ ವರ್ಷದ ಡಿಸೆಂಬರ್ ಹೊತ್ತಿಗೆ ಕಿಲ್ಬರ್ನ್ ಅದನ್ನು 2048 ಬಿಟ್‌ಗೆ ಮುಟ್ಟಿಸಿದ್ದರು. ಆ ಕೆಲಸದ ವರದಿಯನ್ನು ಬೇರೆ ಬೇರೆ ಕಡೆಯವರು ತರಿಸಿಕೊಂಡು ಓದಿದರು. ಮುಂದೆ ಐಬಿಎಮ್ ತನ್ನ 701 ಯಂತ್ರದಲ್ಲಿ ಬಳಸಿದ್ದೂ ಈ ಟ್ಯೂಬ್‌ಗಳನ್ನೇ.

ಮೆಮೊರಿ ನಿಜವಾಗಿ ಕೆಲಸ ಮಾಡುತ್ತಾ ಅಂತ ಪರೀಕ್ಷಿಸೋಕೆ ಕಿಲ್ಬರ್ನ್ ಮತ್ತು ಜೆಫ್ ಟೂಟಿಲ್ ಅದರ ಸುತ್ತ ಒಂದು ಚಿಕ್ಕ ಕಂಪ್ಯೂಟರ್ ಕಟ್ಟಿದರು. ಹೆಸರು ಬೇಬಿ. 32 ಸಾಲು, ಸಾಲಿಗೆ 32 ಬಿಟ್. ಒಟ್ಟು 1024 ಬಿಟ್, ಅಂದರೆ 128 ಬೈಟ್. ಯೂನಿಕೋಡ್‌ನಲ್ಲಿ ಒಂದು ಕನ್ನಡ ಅಕ್ಷರಕ್ಕೆ ಕಮ್ಮಿ ಅಂದರೂ 2 ಬೈಟ್ ಬೇಕಲ್ಲ, ಆ ಲೆಕ್ಕದಲ್ಲಿ ನೀವು ಈಗ ಓದುತ್ತಿರೋ ಈ ವಾಕ್ಯ ಕೂಡ ಬೇಬಿಯೊಳಗೆ ಹಿಡಿಸುತ್ತಿರಲಿಲ್ಲ. 1948ರ ಜೂನ್ 21ರಂದು ಅದರಲ್ಲಿ ಕಿಲ್ಬರ್ನ್ ಬರೆದ 17 ಸಾಲಿನ ಪ್ರೋಗ್ರಾಮ್ ಓಡಿತು. ಒಂದು ಸಂಖ್ಯೆಯ ಅತಿ ದೊಡ್ಡ ಅಪವರ್ತನ ಹುಡುಕೋ ಪ್ರೋಗ್ರಾಮ್. ಎರಡರ ಹದಿನೆಂಟನೇ ಘಾತ ಕೊಟ್ಟಾಗ, ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ, ಅದನ್ನೂ ಕಳೆಯುತ್ತಾ ಕಳೆಯುತ್ತಾ ಭಾಗಿಸಿ, 52 ನಿಮಿಷದಲ್ಲಿ ಸುಮಾರು 35 ಲಕ್ಷ ಆದೇಶಗಳನ್ನು ನಡೆಸಿ, 1,31,072 ಅನ್ನೋ ಉತ್ತರ ಕೊಟ್ಟಿತು. ನಾವು ಬಾಯಲ್ಲೇ ಹೇಳಬಹುದಾದ ಉತ್ತರ. ಆದರೆ ಎಲೆಕ್ಟ್ರಾನಿಕ್ ಮೆಮೊರಿಯಲ್ಲೇ ಪ್ರೋಗ್ರಾಮ್ ಇಟ್ಟುಕೊಂಡು ಓಡಿಸಿದ ಮೊದಲ ಕಂಪ್ಯೂಟರ್ ಅದು. ಆ ಪ್ರೋಗ್ರಾಮ್ ಬರೆದ ಪ್ರೋಗ್ರಾಮರ್‌ಗೆ ಆಗ 26 ವರ್ಷ, ಫೈನಲ್ ಇಯರ್ ಮುಗಿಸಿ ನಾಲ್ಕೈದು ವರ್ಷ ಕಳೆದ ನಮ್ಮ ಸೀನಿಯರ್‌ಗಳ ವಯಸ್ಸು. ಅದಾದ ಮೇಲೆ ಅವರು ಪ್ರೋಗ್ರಾಮ್ ಬರೆಯೋ ಗೋಜಿಗೇ ಹೋಗಲಿಲ್ಲ ಅಂತ ಹೇಳುತ್ತಾರೆ. ಯಂತ್ರ ಕಟ್ಟೋದೇ ಅವರ ಪ್ರೀತಿಯ ಕೆಲಸವಾಗಿತ್ತು.

ಬೇಬಿ ಬೆಳೆದು ಮ್ಯಾಂಚೆಸ್ಟರ್ ಮಾರ್ಕ್ 1 ಆಯಿತು. ಅದನ್ನು ಫೆರಾಂಟಿ ಕಂಪನಿ ತಯಾರಿಸಿ 1951ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯಕ್ಕೆ ತಂದುಕೊಟ್ಟಿತು. ಅಮೆರಿಕದ ಯೂನಿವ್ಯಾಕ್ ಗಿರಾಕಿಯ ಕೈ ಸೇರಿದ್ದು ಅದಾದ ಕೆಲವು ವಾರಕ್ಕೆ. ಆ ವರ್ಷವೇ ವಿಲಿಯಮ್ಸ್ ಕಂಪ್ಯೂಟರ್ ಸಾಕು ಅಂತ ಬೇರೆ ಯಂತ್ರಗಳ ಕಡೆ ತಿರುಗಿದರು. ಗುಂಪಿನ ಹೊಣೆ ಕಿಲ್ಬರ್ನ್ ಅವರ ಹೆಗಲಿಗೆ ಬಂತು.

ನಮ್ಮ ಗೇಮಿಂಗ್ ಕತೆ ಶುರುವಾಗೋದು ಇಲ್ಲಿಂದ. ಮಾರ್ಕ್ 1ರಲ್ಲಿ ಎರಡು ಥರದ ಮೆಮೊರಿ ಇತ್ತು. ಎಂಟು ಟ್ಯೂಬ್‌ಗಳ ವೇಗದ ಮೆಮೊರಿ ಮತ್ತು ಗಿರಗಿರ ತಿರುಗೋ ನಿಧಾನದ ಮ್ಯಾಗ್ನೆಟಿಕ್ ಡ್ರಮ್. ಒಂದು ಟ್ಯೂಬಿನಲ್ಲಿ ಹಿಡಿಸೋ ಸರಕಿಗೆ ಪೇಜ್ ಅನ್ನುತ್ತಿದ್ದರು. ಈಗ ನಾವು ಪುಸ್ತಕದಲ್ಲಿ ಓದೋ ಪೇಜ್ ಅನ್ನೋ ಮಾತು ಆ ಯಂತ್ರದ ಕಾಲದಿಂದಲೇ ಬಳಕೆಯಲ್ಲಿದೆ. ಪ್ರೋಗ್ರಾಮ್ ಎಂಟು ಪೇಜಿಗಿಂತ ದೊಡ್ಡದಾದರೆ ಉಳಿದದ್ದನ್ನು ಡ್ರಮ್ಮಿನಲ್ಲಿಟ್ಟು, ಬೇಕಾದಾಗ ಕರೆಸಿಕೊಳ್ಳಬೇಕು. ಯಾವುದನ್ನು ಯಾವಾಗ ಕರೆಸಬೇಕು, ಅದಕ್ಕೆ ಜಾಗ ಮಾಡೋಕೆ ಯಾವುದನ್ನು ಹೊರಗೆ ಹಾಕಬೇಕು ಅನ್ನೋದನ್ನೆಲ್ಲ ಪ್ರೋಗ್ರಾಮ್ ಬರೆಯೋನೇ ತಲೆಯಲ್ಲಿಟ್ಟುಕೊಂಡು, ಒಂದೊಂದು ಸಾಗಣೆಗೂ ಆದೇಶ ಬರೆಯಬೇಕಿತ್ತು.

ಈ ತಾಪತ್ರಯಕ್ಕೆ ಸಿಕ್ಕಿಕೊಂಡವರಲ್ಲಿ ಒಬ್ಬ ಗೇಮರ್ ಇದ್ದರು. ಕ್ರಿಸ್ಟೋಫರ್ ಸ್ಟ್ರೇಚಿ, ಹ್ಯಾರೋ ಶಾಲೆಯ ಮೇಷ್ಟ್ರು. ಡ್ರಾಫ್ಟ್ಸ್ ಅನ್ನೋ ಮಣೆಯಾಟವನ್ನು ಕಂಪ್ಯೂಟರ್ ಕೈಲಿ ಆಡಿಸಬೇಕು ಅನ್ನೋದು ಅವರ ಹಟ. 1951ರಲ್ಲಿ ಲಂಡನ್ ಕಡೆಯ ಪೈಲಟ್ ಏಸ್ ಯಂತ್ರಕ್ಕೆ ಪ್ರೋಗ್ರಾಮ್ ಬರೆದರು. ಆ ಯಂತ್ರದ ಮೆಮೊರಿ ಸಾಲದೆ ಆಟ ಅಲ್ಲೇ ನಿಂತಿತು. ಮ್ಯಾಂಚೆಸ್ಟರ್‌ನಲ್ಲಿ ಇನ್ನೂ ದೊಡ್ಡ ಮೆಮೊರಿ ಇದೆ ಅಂತ ತಿಳಿದು ಟ್ಯೂರಿಂಗ್ ಅವರಿಂದ ಮಾರ್ಕ್ 1ರ ಕೈಪಿಡಿ ತರಿಸಿಕೊಂಡರು. ಮೆಮೊರಿ ಸಾಕಾಗಲ್ಲ ಅಂತ ಇನ್ನೊಬ್ಬನ ಮೆಷಿನ್ ಹುಡುಕಿಕೊಂಡು ಹೋಗೋ ಗೇಮರ್‌ಗಳ ವಂಶ ಅಲ್ಲಿಂದ ಶುರುವಾಯಿತು ಅಂತಲೇ ನಮ್ಮ ಲೆಕ್ಕ. 1952ರ ಬೇಸಿಗೆಗೆ ಆ ಪ್ರೋಗ್ರಾಮ್ ಪೂರ್ತಿ ಒಂದು ಆಟವನ್ನು ಸುಮಾರಾದ ವೇಗದಲ್ಲಿ ಆಡುತ್ತಿತ್ತು. ಮಣೆ ಪರದೆಯ ಮೇಲೆ ಚುಕ್ಕೆಗಳಲ್ಲಿ ಕಾಣುತ್ತಿತ್ತು.

ಸ್ಟ್ರೇಚಿ ಅಸಾಮಾನ್ಯರು, ಕೈಯಿಂದಲೇ ಪೇಜ್ ಹೊತ್ತು ಹಾಕಿ ದಡ ಸೇರಿದರು. ಉಳಿದ ವಿಜ್ಞಾನಿಗಳ ಗತಿ? ಟೋನಿ ಬ್ರೂಕರ್ 1954ರಲ್ಲಿ ಮಾರ್ಕ್ 1ಕ್ಕೆ ಆಟೋಕೋಡ್ ಅನ್ನೋ ಭಾಷೆ ಬರೆದರು. ಅದನ್ನು ಬಳಸಿದರೆ ಡ್ರಮ್, ಟ್ಯೂಬ್ ಅನ್ನೋ ಭೇದ ಪ್ರೋಗ್ರಾಮರ್ ಕಣ್ಣಿಗೆ ಬೀಳುತ್ತಿರಲಿಲ್ಲ. ಹಿಂದೆ ಸಾಫ್ಟ್‌ವೇರ್ ಆ ಸಾಗಣೆ ಮಾಡುತ್ತಿತ್ತು. ಜನ ಮುಗಿಬಿದ್ದು ಬಳಸಿದರು, ಆದರೆ ವೇಗ ಹೋಯಿತು. ಕಿಲ್ಬರ್ನ್ ಇದನ್ನೆಲ್ಲ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಜನಕ್ಕೆ ಏನು ಬೇಕು ಅನ್ನೋದು ಕಣ್ಣೆದುರೇ ಇತ್ತು. ಅದನ್ನು ವೇಗ ಕಳೆದುಕೊಳ್ಳದೆ ಕೊಡೋದು ಹೇಗೆ ಅನ್ನೋದೇ ಪ್ರಶ್ನೆ.

ನಡುವೆ ಅವರ ಗುಂಪು ಬೇರೆ ಕೆಲಸಗಳನ್ನೂ ಮಾಡಿತು. 1953ರಲ್ಲಿ ಟ್ರಾನ್ಸಿಸ್ಟರ್ ಬಳಸಿದ ಪುಟ್ಟ ಕಂಪ್ಯೂಟರ್, 1954ರಲ್ಲಿ ಫ್ಲೋಟಿಂಗ್ ಪಾಯಿಂಟ್ ಲೆಕ್ಕ ಮಾಡೋ ಮೆಗ್. ಅವೆಲ್ಲದರ ವಿವರಕ್ಕೆ ಇನ್ನೊಂದು ಲೇಖನವೇ ಬೇಕಾಗುತ್ತೆ.

1956ರಲ್ಲಿ ಕಿಲ್ಬರ್ನ್ ಮ್ಯೂಸ್ ಅನ್ನೋ ಪ್ರಾಜೆಕ್ಟ್ ಶುರುಮಾಡಿದರು. ಮೈಕ್ರೋಸೆಕೆಂಡಿಗೆ ಒಂದು ಆದೇಶ, ಅಂದರೆ ಸೆಕೆಂಡಿಗೆ 10 ಲಕ್ಷದ ಹತ್ತಿರ, ಇದು ಗುರಿ. ಬೇಬಿ ಸೆಕೆಂಡಿಗೆ ಸಾವಿರದ ಆಸುಪಾಸಿನಲ್ಲಿತ್ತು. ಸರ್ಕಾರದ ಕಡೆಯಿಂದ ದುಡ್ಡು ಬರಲಿಲ್ಲ. ಕಂಪ್ಯೂಟರ್ ಸಮಯವನ್ನು ಹೊರಗಿನವರಿಗೆ ಬಾಡಿಗೆಗೆ ಕೊಟ್ಟು ಗಳಿಸಿದ್ದ ಹಣವಿತ್ತು, ಅದರಲ್ಲೇ ಹೊರಟರು. ಫೆರಾಂಟಿ 1959ರಲ್ಲಿ ಕೈ ಜೋಡಿಸಿದ ಮೇಲೆ ಯಂತ್ರದ ಹೆಸರು ಅಟ್ಲಾಸ್ ಆಯಿತು.

ಅಟ್ಲಾಸ್‌ನಲ್ಲಿ ವೇಗದ ಕೋರ್ ಮೆಮೊರಿ ಇದ್ದದ್ದು 16 ಸಾವಿರ ಚಿಲ್ಲರೆ ಪದಗಳಷ್ಟು. ಒಂದು ಪದಕ್ಕೆ 48 ಬಿಟ್, ಇವತ್ತಿನ ಲೆಕ್ಕದಲ್ಲಿ 96 ಕೆಬಿ. ಹಿಂದೆ ನಾಲ್ಕು ಡ್ರಮ್, ಎಲ್ಲ ಸೇರಿ 576 ಕೆಬಿ. ಕೋರ್‌ನಿಂದ ಒಂದು ಪದ ಓದೋಕೆ ಸುಮಾರು 2 ಮೈಕ್ರೋಸೆಕೆಂಡ್. ಡ್ರಮ್ ಒಂದು ಸುತ್ತು ಬರೋಕೆ 12 ಮಿಲಿಸೆಕೆಂಡ್, ಅಂದರೆ ಬೇಕಾದ ಜಾಗ ಎದುರಿಗೆ ಬರೋಕೆ ಸರಾಸರಿ 6 ಮಿಲಿಸೆಕೆಂಡ್ ಕಾಯಬೇಕು. ಮೂರು ಸಾವಿರ ಪಟ್ಟು ವ್ಯತ್ಯಾಸ. ಈಗಿನ ರ‍್ಯಾಮ್ ಮತ್ತು ಎಸ್‌ಎಸ್‌ಡಿ ನಡುವಿನ ಅಂತರವೂ ಸಾವಿರ ಪಟ್ಟಿನ ಆಸುಪಾಸಿನಲ್ಲೇ ಇದೆ. ಎಲ್ಲ ವೇಗವಾಯಿತು, ಚಿಕ್ಕ ವೇಗದ್ದಕ್ಕೂ ದೊಡ್ಡ ನಿಧಾನದ್ದಕ್ಕೂ ನಡುವಿನ ಕಂದಕ ಮಾತ್ರ ಅಲ್ಲೇ ಉಳಿಯಿತು.

ಕಿಲ್ಬರ್ನ್ ಮತ್ತು ಅವರ ಜೊತೆಗಾರರು (ಎಡ್ವರ್ಡ್ಸ್, ಲ್ಯಾನಿಗನ್, ಸಮ್ನರ್, ಈ ಹೆಸರುಗಳನ್ನೂ ಬಿಡೋ ಹಾಗಿಲ್ಲ) ಮಾಡಿದ್ದು ಇಷ್ಟು. ಪ್ರೋಗ್ರಾಮ್ ಬರೆಯೋರಿಗೆ ಹತ್ತು ಲಕ್ಷ ಪದಗಳ ಒಂದೇ ದೊಡ್ಡ ಮೆಮೊರಿ ಇದೆ ಅಂತ ತೋರಿಸಿದರು. ಅಷ್ಟು ಮೆಮೊರಿ ನಿಜವಾಗಿ ಎಲ್ಲೂ ಇರಲಿಲ್ಲ. ಆ ವಿಳಾಸಗಳನ್ನು 512 ಪದಗಳ ಪೇಜುಗಳಾಗಿ ಕತ್ತರಿಸಿದರು. ಒಂದು ಪೇಜು 3 ಕೆಬಿ. ಇವತ್ತು ನಿಮ್ಮ ಇಂಟೆಲ್ ಅಥವಾ ಎಎಮ್‌ಡಿ ಪ್ರೊಸೆಸರ್ ಬಳಸೋ ಸಾಮಾನ್ಯ ಪೇಜು 4 ಕೆಬಿ. ಅರವತ್ತು ವರ್ಷದಲ್ಲಿ ಪ್ರೊಸೆಸರ್ ವೇಗ ಎಲ್ಲಿಂದೆಲ್ಲಿಗೋ ಹೋಗಿರುವಾಗ ಪೇಜಿನ ಅಳತೆ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿರೋದನ್ನು ನೋಡಿ ನಮಗೆ ಆಶ್ಚರ್ಯವಾಯಿತು.

ಇದನ್ನು ಹಾಸ್ಟೆಲ್ ಭಾಷೆಯಲ್ಲಿ ಹೇಳೋಣ. ಕೋರ್ ಅಂದರೆ ನಿಮ್ಮ ಓದೋ ಮೇಜು. ಡ್ರಮ್ ಅಂದರೆ ಮಂಚದ ಕೆಳಗಿನ ಟ್ರಂಕು. ಮೇಜಿನ ಮೇಲೆ 32 ಪುಸ್ತಕಕ್ಕೆ ಮಾತ್ರ ಜಾಗ. ಪ್ರತಿ ಜಾಗಕ್ಕೂ ಒಂದು ಚೀಟಿ, ಅದರ ಮೇಲೆ ಅಲ್ಲೀಗ ಯಾವ ಪುಸ್ತಕ ಇದೆ ಅಂತ ಬರೆದಿರುತ್ತೆ. ಅಟ್ಲಾಸ್‌ನಲ್ಲಿ ಇಂಥ 32 ರಿಜಿಸ್ಟರ್‌ಗಳಿದ್ದವು. ಪ್ರೋಗ್ರಾಮ್ ಒಂದು ವಿಳಾಸ ಕೇಳಿದ ಕ್ಷಣ 32 ಚೀಟಿಯನ್ನೂ ಒಟ್ಟಿಗೇ ಹೋಲಿಸಿ ನೋಡೋ ಹಾರ್ಡ್‌ವೇರ್ ಅದು. ಆಟೋಕೋಡ್ ಸಾಫ್ಟ್‌ವೇರ್‌ನಲ್ಲಿ ಕಳೆದುಕೊಳ್ಳುತ್ತಿದ್ದ ವೇಗ ಉಳಿದದ್ದು ಇಲ್ಲೇ. ಈಗಿನ ಟಿಎಲ್‌ಬಿ ಮಾಡೋದೂ ಇಂಥದೇ ಕೆಲಸ. ಚೀಟಿ ಸಿಕ್ಕಿದರೆ ಸರಿ. ಸಿಗದಿದ್ದರೆ ಪ್ರೋಗ್ರಾಮನ್ನು ಅಲ್ಲೇ ತಡೆದು, ಸೂಪರ್‌ವೈಸರ್ ಅನ್ನೋ ಇನ್ನೊಂದು ಪ್ರೋಗ್ರಾಮಿಗೆ ಕೆಲಸ ಒಪ್ಪಿಸಲಾಗುತ್ತಿತ್ತು. ಅದು ಟ್ರಂಕಿನಿಂದ ಪುಸ್ತಕ ತಂದು ಮೇಜಿನ ಮೇಲಿಟ್ಟು, ಚೀಟಿ ಬದಲಿಸಿ, ತಡೆದ ಪ್ರೋಗ್ರಾಮನ್ನು ಏನೂ ಆಗಿಲ್ಲ ಅನ್ನೋ ಹಾಗೆ ಮುಂದೆ ಬಿಡುತ್ತಿತ್ತು. ನಮ್ಮ ಪೇಜ್ ಫಾಲ್ಟ್ ಇದೇ. ಆ ಸೂಪರ್‌ವೈಸರ್ ಅನ್ನು ಇವತ್ತಿನ ಓಎಸ್‌ಗಳ ಮುತ್ತಜ್ಜ ಅನ್ನಬಹುದು.

ಮೇಜು ತುಂಬಿದ್ದರೆ? ಯಾವುದನ್ನೋ ಕೆಳಗಿಳಿಸಬೇಕು. ಅವರು ಎಫ್‌ಐಎಫ್‌ಓ ಹಾಕಿ ಕೈ ತೊಳೆದುಕೊಳ್ಳಲಿಲ್ಲ. ಪ್ರತಿ ಪೇಜಿಗೂ ಒಂದು ಗುರುತಿನ ಬಿಟ್ ಇಟ್ಟು, ಈಚೆಗೆ ಅದನ್ನು ಯಾರಾದರೂ ಮುಟ್ಟಿದ್ದಾರಾ ಅಂತ ಆಗಾಗ ಎಣಿಸುತ್ತಿದ್ದರು. ಈಗಿನ ಪೇಜ್ ಟೇಬಲ್‌ನಲ್ಲಿರೋ ಆಕ್ಸೆಸ್ಡ್ ಬಿಟ್ ಅದರ ಮೊಮ್ಮಗ. ಅದರಿಂದ ಎರಡು ಅಂಕಿ ಸಿಗುತ್ತಿದ್ದವು: ಈ ಪೇಜನ್ನು ಮುಟ್ಟದೆ ಈಗ ಎಷ್ಟು ಹೊತ್ತಾಯಿತು, ಹೋದ ಸಲ ಹೀಗೆ ಸುಮ್ಮನಿದ್ದದ್ದು ಎಷ್ಟು ಹೊತ್ತು. ಹೋದ ಸಲಕ್ಕಿಂತ ಈ ಸಲ ಜಾಸ್ತಿ ಹೊತ್ತು ಸುಮ್ಮನಿದ್ದರೆ ಅದರ ಕೆಲಸ ಮುಗಿದಿರಬೇಕು, ಕೆಳಗಿಳಿಸು. ಅಂಥದ್ದು ಯಾವುದೂ ಇಲ್ಲದಿದ್ದರೆ, ಹಳೇ ಅಭ್ಯಾಸದ ಪ್ರಕಾರ ಅತಿ ತಡವಾಗಿ ಬೇಕಾಗೋದು ಯಾವುದೋ ಅದನ್ನು ಇಳಿಸು. ಪರೀಕ್ಷೆಯ ಡಬ್ಬಿಗಳಲ್ಲಿ ನಾವು ತುಂಬಿಸೋ ಆಪ್ಟಿಮಲ್ ಆಲ್ಗರಿದಮ್‌ಗೆ ಭವಿಷ್ಯ ಗೊತ್ತಿರಬೇಕು. ಇವರು ಆ ಭವಿಷ್ಯವನ್ನು ಭೂತಕಾಲ ನೋಡಿ ಊಹಿಸೋಕೆ ಹೊರಟಿದ್ದರು, ಅದೂ ಬೆಲಾಡಿ ಪೇಜ್ ರಿಪ್ಲೇಸ್‌ಮೆಂಟ್ ಬಗ್ಗೆ 1966ರಲ್ಲಿ ಬರೆಯೋಕೆ ಎಷ್ಟೋ ಮುಂಚೆ. ಇನ್ನೊಂದು ಜಾಣತನ ನಮಗೆ ಬಹಳ ಹಿಡಿಸಿತು. ಮೇಜಿನ ಮೇಲೆ ಯಾವಾಗಲೂ ಒಂದು ಜಾಗ ಖಾಲಿ ಇಟ್ಟಿರುತ್ತಿದ್ದರು. ಬೇಕಾದ ಪೇಜು ಬಂದು ತಕ್ಷಣ ಅಲ್ಲಿ ಕೂರುತ್ತೆ, ಯಾವುದನ್ನು ಕಳಿಸಬೇಕು ಅನ್ನೋ ಯೋಚನೆ ಆಮೇಲೆ. ಈಗಿನ ಓಎಸ್‌ಗಳೂ ಕೈಯಲ್ಲಿ ಒಂದಷ್ಟು ಖಾಲಿ ಪೇಜು ಇಟ್ಟುಕೊಂಡೇ ಇರುತ್ತವೆ.

ಯೋಚನೆ ಇವರಿಗೊಬ್ಬರಿಗೇ ಹೊಳೆದಿತ್ತು ಅನ್ನೋದು ಸರಿಯಲ್ಲ. ಬರ್ಲಿನ್‌ನಲ್ಲಿ ಫ್ರಿಟ್ಸ್-ರುಡಾಲ್ಫ್ ಗುಂಟ್ಷ್ ತಮ್ಮ ಪ್ರಬಂಧದಲ್ಲಿ ಇಂಥದ್ದನ್ನೇ ಕೆಲವು ವರ್ಷ ಮುಂಚೆ ಬರೆದಿದ್ದರು. ಕಟ್ಟಿ, ಓಡಿಸಿ, ದಿನನಿತ್ಯದ ಕೆಲಸಕ್ಕೆ ಹಚ್ಚಿದವರು ಮ್ಯಾಂಚೆಸ್ಟರ್‌ನವರು.

1962ರ ಡಿಸೆಂಬರ್ 7ರಂದು ಅಟ್ಲಾಸ್ ಉದ್ಘಾಟನೆಯಾಯಿತು. ಅದು ಆಫ್ ಆದರೆ ಬ್ರಿಟನ್ನಿನ ಅರ್ಧ ಕಂಪ್ಯೂಟರ್ ಶಕ್ತಿಯೇ ಆಫ್ ಆದ ಹಾಗೆ ಅನ್ನೋ ಮಾತು ಆಗ ಓಡಾಡುತ್ತಿತ್ತು. ಪೂರ್ತಿ ಅಟ್ಲಾಸ್‌ಗಳು ತಯಾರಾದದ್ದು ಮೂರೇ, ಮ್ಯಾಂಚೆಸ್ಟರ್, ಲಂಡನ್ ಮತ್ತು ಚಿಲ್ಟನ್‌ಗೆ ಒಂದೊಂದು. ವ್ಯಾಪಾರದ ಲೆಕ್ಕದಲ್ಲಿ ಸೋತಿತು ಅಂತಲೇ ಹೇಳಬೇಕು.

ಇದಕ್ಕಿಂತ ಕಷ್ಟದ್ದು ಬೇರೆ ಇತ್ತು. ಈ ಐಡಿಯಾವನ್ನು ಒಪ್ಪದವರು ಸುಮಾರು ಜನ ಇದ್ದರು. ನನ್ನ ಪ್ರೋಗ್ರಾಮಿಗೆ ಮುಂದೆ ಯಾವ ಪೇಜ್ ಬೇಕು ಅಂತ ನನಗೆ ಗೊತ್ತಿರೋಷ್ಟು ಯಂತ್ರಕ್ಕೆ ಹೇಗೆ ಗೊತ್ತಾಗುತ್ತೆ ಅನ್ನೋದು ಒಳ್ಳೇ ಪ್ರೋಗ್ರಾಮರ್‌ಗಳ ವಾದ. ವಾದ ಪೊಳ್ಳಲ್ಲ. 60ರ ದಶಕದಲ್ಲಿ ಪೇಜಿಂಗ್ ಇಟ್ಟುಕೊಂಡ ಎಷ್ಟೋ ಯಂತ್ರಗಳಲ್ಲಿ ಒಂದಿಷ್ಟು ಜನ ಜಾಸ್ತಿ ಬಳಕೆದಾರರು ಸೇರಿದ ಕೂಡಲೇ ಇಡೀ ಸಿಸ್ಟಮ್ ಕುಸಿಯುತ್ತಿತ್ತು. ಪೇಜುಗಳನ್ನು ಮೇಲೆ ಕೆಳಗೆ ಹೊರೋದರಲ್ಲೇ ಸಮಯವೆಲ್ಲ ಹೋಗಿ ಕೆಲಸ ಮುಂದೆ ಸಾಗುತ್ತಿರಲಿಲ್ಲ. ಇದೇ ಥ್ರಾಶಿಂಗ್. ಯಾಕೆ ಹೀಗಾಗುತ್ತೆ ಅಂತ ಪೀಟರ್ ಡೆನ್ನಿಂಗ್ 1968ರಲ್ಲಿ ವರ್ಕಿಂಗ್ ಸೆಟ್ ಅನ್ನೋ ಕಲ್ಪನೆಯಿಂದ ಬಿಡಿಸಿ ಹೇಳಿದರು. ಒಂದು ಪ್ರೋಗ್ರಾಮ್ ಸದ್ಯ ನಿಜವಾಗಿ ಮುಟ್ಟುತ್ತಿರೋ ಪೇಜುಗಳೆಲ್ಲ ಮೇಜಿನ ಮೇಲೆ ಹಿಡಿಸಬೇಕು. ಹಿಡಿಸದಿದ್ದರೆ ಯಾವ ಆಲ್ಗರಿದಮ್ಮೂ ಕಾಪಾಡಲ್ಲ. ಮರುವರ್ಷ ಐಬಿಎಮ್‌ನ ಡೇವಿಡ್ ಸೇರ್ ಕೈಯಿಂದ ಮಾಡಿದ ಸಾಗಣೆ ಮತ್ತು ಯಂತ್ರ ಮಾಡಿದ ಸಾಗಣೆಯನ್ನು ಅಳೆದು ಹೋಲಿಸಿ ನೋಡಿದರು, ಯಂತ್ರದ್ದು ಕಮ್ಮಿಯೇನಿಲ್ಲ ಅಂತ ಗೊತ್ತಾಯಿತು. 1972ರಲ್ಲಿ ಐಬಿಎಮ್ ತನ್ನ ಸಿಸ್ಟಮ್ 370 ಸಾಲಿಗೆ ವರ್ಚುವಲ್ ಮೆಮೊರಿ ಪ್ರಕಟಿಸಿತು. ಅಟ್ಲಾಸ್ ಬಂದು ಆಗಲೇ ಹತ್ತು ವರ್ಷ. ಮ್ಯಾಂಚೆಸ್ಟರ್‌ನ ಅಟ್ಲಾಸನ್ನು ಹಿಂದಿನ ವರ್ಷವೇ ಬಿಚ್ಚಿ ಮುಗಿಸಿದ್ದರು.

ಈಗ ಆ ರಾತ್ರಿಯ ಕಂದಕಕ್ಕೆ ಬರೋಣ. ಗೇಮ್ ಶುರುವಾದಾಗ ಓಎಸ್ ಅದಕ್ಕೆ ದೈತ್ಯ ವಿಳಾಸಗಳ ಲೋಕವೊಂದನ್ನು ಕೊಡುತ್ತೆ. 64 ಬಿಟ್ ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಮಿಗೆ 128 ಟಿಬಿ ತನಕ. ಅಷ್ಟು ರ‍್ಯಾಮ್ ನಮ್ಮ ಇಡೀ ಹಾಸ್ಟೆಲ್ಲಿನ ಲ್ಯಾಪ್‌ಟಾಪ್‌ಗಳನ್ನು ಗುಡ್ಡೆ ಹಾಕಿದರೂ ಸಿಗಲ್ಲ. ಗೇಮ್ ಮುಟ್ಟಿದ ಪೇಜಿಗೆ ಮಾತ್ರ ನಿಜವಾದ ರ‍್ಯಾಮ್ ಸಿಗುತ್ತೆ. ರ‍್ಯಾಮ್ ತುಂಬುತ್ತಾ ಬಂದ ಹಾಗೆ ಓಎಸ್ ಈಚೆಗೆ ಯಾರೂ ಮುಟ್ಟದ ಪೇಜುಗಳನ್ನು ಹುಡುಕಿ, ವಿಂಡೋಸ್ 10ರಿಂದೀಚೆಗಾದರೆ ಮೊದಲು ಕಂಪ್ರೆಸ್ ಮಾಡಿ ರ‍್ಯಾಮ್‌ನಲ್ಲೇ ಮಡಚಿಟ್ಟು, ಅದಕ್ಕೂ ಮೀರಿದರೆ ಡಿಸ್ಕಿನ ಪೇಜ್‌ಫೈಲ್‌ಗೆ ಕಳಿಸುತ್ತೆ. ಬ್ರೌಸರ್ ಟ್ಯಾಬ್‌ಗಳು ಮೊದಲು ಕೆಳಗಿಳಿಯಬೇಕು. ಆದರೆ ಅವೂ ಹಿಂದೆ ಆಗಾಗ ಮೈ ಮುರಿಯುತ್ತಾ ಇರುತ್ತವಲ್ಲ, ಆಕ್ಸೆಸ್ಡ್ ಬಿಟ್ ಹೊತ್ತಿಕೊಂಡೇ ಇರುತ್ತೆ. ಘಾಟಿಯ ತಿರುವಿನಲ್ಲಿ ಹೊಸ ಗುಡ್ಡ, ಮರ, ಮನೆಗಳು ಒಟ್ಟಿಗೇ ಬೇಕಾದವು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗೋದು 16.7 ಮಿಲಿಸೆಕೆಂಡ್. ತಿರುಗೋ ಹಾರ್ಡ್ ಡಿಸ್ಕಿನಿಂದ ಒಂದು ಚೆದುರಿದ ಪೇಜು ತರೋಕೆ 10 ಮಿಲಿಸೆಕೆಂಡಿನ ಹತ್ತಿರ. ಎರಡು ಪೇಜ್ ಫಾಲ್ಟ್ ಆಯಿತು, ಫ್ರೇಮ್ ಹೋಯಿತು. ನೂರಾರು ಆದವು, ಗಾಡಿಯೇ ಹೋಯಿತು.

ತಮಾಷೆ ಏನೆಂದರೆ, ದೊಡ್ಡ ಗೇಮ್ ಮಾಡೋರು ಓಎಸ್ಸನ್ನೇ ನಂಬಿ ಕೂರೋದಿಲ್ಲ. ನೀವು ಯಾವ ಕಡೆ ಓಡುತ್ತಿದ್ದೀರಿ ನೋಡಿ, ಮುಂದಿನ ಬೀದಿಯನ್ನು ಮೊದಲೇ ತಂದು, ಹಿಂದಿನ ಬೀದಿಯನ್ನು ಬಿಟ್ಟುಕೊಡೋ ಸ್ಟ್ರೀಮಿಂಗ್ ವ್ಯವಸ್ಥೆಯನ್ನು ತಾವೇ ಬರೆದುಕೊಂಡಿರುತ್ತಾರೆ. ಎಷ್ಟೋ ಗೇಮ್‌ಗಳಲ್ಲಿ ಬರೋ ಉದ್ದುದ್ದ ಲಿಫ್ಟ್ ಸವಾರಿ, ಇಕ್ಕಟ್ಟಾದ ಓಣಿಯಲ್ಲಿ ನುಸುಳೋ ದೃಶ್ಯ, ಅವು ಹೊಸ ಜಾಗ ಡಿಸ್ಕಿನಿಂದ ಬರೋ ತನಕ ನಮ್ಮನ್ನು ಮಾತಲ್ಲಿಟ್ಟಿರೋ ಉಪಾಯ. ಅಂದರೆ ಸ್ಟ್ರೇಚಿ ಮೇಷ್ಟ್ರ ದಾರಿ ಮುಚ್ಚಿಹೋಗಿಲ್ಲ. ಕೆಳಗೆ ಕಿಲ್ಬರ್ನ್ ಯಂತ್ರ, ಮೇಲೆ ಸ್ಟ್ರೇಚಿಯ ಕೈಕೆಲಸ, ಒಂದೇ ಗೇಮಿನಲ್ಲಿ ಎರಡೂ ನಡೆಯುತ್ತಿರುತ್ತೆ. ನಮ್ಮ ಅಭಿಪ್ರಾಯ ಕೇಳಿದರೆ, ಹಾಗೆ ಕೈಯಿಂದ ಮಾಡೋ ಪುರಸೊತ್ತು ಸಿಕ್ಕಿದ್ದೇ ಉಳಿದ ಲಕ್ಷಾಂತರ ಪೇಜುಗಳನ್ನು ಯಂತ್ರ ತಾನಾಗಿ ನೋಡಿಕೊಳ್ಳೋದರಿಂದ. 16 ಜಿಬಿ ರ‍್ಯಾಮ್ ಅಂದರೆ 4 ಕೆಬಿಯ ಸುಮಾರು 42 ಲಕ್ಷ ಪೇಜು. ಎಂಟು ಟ್ಯೂಬಿನ ಹಾಗೆ ಕೂತು ಎಣಿಸೋಕೆ ಯಾವ ಪ್ರೋಗ್ರಾಮರ್‌ಗೂ ಆಗಲ್ಲ.

ಅಟ್ಲಾಸ್ ನಂತರ ಕಿಲ್ಬರ್ನ್ ಇನ್ನೊಂದು ಕೆಲಸ ಮಾಡಿದರು. ಕಂಪ್ಯೂಟರ್ ಸೈನ್ಸ್ ಅನ್ನೋದು ಬೇರೆಯದೇ ವಿಷಯ ಅಂತ ಹೇಳಿ, 1964ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗ ಕಟ್ಟಿದರು. ಬ್ರಿಟನ್ನಿನಲ್ಲಿ ಅದೇ ಮೊದಲು. ಮರುವರ್ಷ ಮೊದಲ ಡಿಗ್ರಿ ವಿದ್ಯಾರ್ಥಿಗಳು ಬಂದರು. ಅದೇ ವರ್ಷ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಮುಂದೆ ಎಂಯು5 ಅನ್ನೋ ಐದನೇ ಯಂತ್ರ. ಅದರ ಎಷ್ಟೋ ಅಂಶಗಳು ಐಸಿಎಲ್ ಕಂಪನಿಯ 2900 ಸರಣಿಗೆ ಹೋದವು.

ಮನುಷ್ಯ ಹೇಗಿದ್ದರು ಅಂದರೆ, ಮಾತು ಬಹಳ ಕಮ್ಮಿ. ಹೇಳಿದರೆ ನೇರ. ಪ್ರಚಾರದ ಗೀಳಿಲ್ಲ, ಬರೆದದ್ದೂ ಕಮ್ಮಿ. ಬೇಸಿಗೆ ರಜೆಗೆ ಮನೆಯವರನ್ನು ಕರೆದುಕೊಂಡು ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ಹೋಗೋದು ವಾಡಿಕೆ, ಆದರೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಸೀಸನ್ನಿನ ಮೊದಲ ಮ್ಯಾಚಿನ ಹೊತ್ತಿಗೆ ವಾಪಸ್ ಬಂದಿರಲೇಬೇಕು. ಹೆಂಡತಿ ಐರೀನ್ ಅವರ ಆರೋಗ್ಯ ಕೆಟ್ಟಾಗ ಅವರನ್ನು ನೋಡಿಕೊಳ್ಳೋಕೆ ಅಂತ 1981ರಲ್ಲಿ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡರು. ನಿವೃತ್ತಿಯ ದಿನಕ್ಕೆ ಸ್ವಲ್ಪ ಮುಂಚೆ ಆಕೆ ತೀರಿಕೊಂಡರು.

1998ರ ಜೂನ್ 21ಕ್ಕೆ ಬೇಬಿಗೆ ಐವತ್ತು ತುಂಬಿತು. ಸ್ವಯಂಸೇವಕರ ತಂಡವೊಂದು ಹಳೇ ಬಿಡಿಭಾಗಗಳನ್ನು ಹುಡುಕಿ ತಂದು, ಬೇಬಿಯ ತದ್ರೂಪವನ್ನು ಮತ್ತೆ ಕಟ್ಟಿತ್ತು. ಕಿಲ್ಬರ್ನ್ ಮತ್ತು ಟೂಟಿಲ್ ಇಬ್ಬರೂ ಆ ದಿನ ಹಾಜರಿದ್ದರು. ಐವತ್ತು ವರ್ಷದ ಹಿಂದೆ ಕಂಡಿದ್ದ ಅವೇ ಚುಕ್ಕೆ, ಗೆರೆಗಳು ಪರದೆಯ ಮೇಲೆ ಮತ್ತೆ ಕುಣಿದವು. ವಿಲಿಯಮ್ಸ್ ಆಗ ಇರಲಿಲ್ಲ, 1977ರಲ್ಲೇ ಹೋಗಿದ್ದರು. ಕಿಲ್ಬರ್ನ್ ಹೋದದ್ದು 2001ರ ಜನವರಿ 17ರಂದು, 79ನೇ ವಯಸ್ಸಿನಲ್ಲಿ. ನಾವು ಯಾರೂ ಇನ್ನೂ ಹುಟ್ಟಿರಲಿಲ್ಲ. ಮ್ಯಾಂಚೆಸ್ಟರ್‌ನಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗ ಇರೋ ಕಟ್ಟಡಕ್ಕೆ ಅವರ ಹೆಸರಿದೆ. ಬೇಬಿಯ ತದ್ರೂಪ ಅಲ್ಲಿನ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿದೆ.

ಅಂದ ಹಾಗೆ ಆ ಲ್ಯಾಪ್‌ಟಾಪ್‌ಗೆ ನಾಲ್ಕೂ ಜನ ದುಡ್ಡು ಹಾಕಿ ಇನ್ನೊಂದು 8 ಜಿಬಿ ಸ್ಟಿಕ್ ಹಾಕಿಸಿದೆವು. ಘಾಟಿಯ ತಿರುವು ಈಗ ಸಲೀಸು. ಮೊನ್ನೆ ಅದರ ಮುಂದಿನ ಸೇತುವೆ ಹತ್ತಿರ ಮತ್ತೆ ಒಂದು ಸಲ ತಡವರಿಸಿತು. ನೋಡಿದರೆ ಬ್ರೌಸರ್‌ನಲ್ಲಿ ಟ್ಯಾಬ್‌ಗಳು ನಲವತ್ತಾಗಿದ್ದವು.